ರಷ್ಯನ್ ಕಲಿಯೋಕೆ ಇಂಗ್ಲಿಷ್ ದಾರಿ ಯಾಕೆ?

ರಷ್ಯಾಕ್ಕೆ ಮೆಡಿಕಲ್ ಓದಲು ಹೊಸದಾಗಿ ಬರುವವರಿಗೆ ಇಲ್ಲಿನ ಸೀನಿಯರ್‌ಗಳು ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸುತ್ತಾರೆ. ದಿನಬಳಕೆಯ ರಷ್ಯನ್ ಮಾತುಗಳು, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ, ಅದರ ಪಕ್ಕ ಇಂಗ್ಲಿಷ್ ಅರ್ಥ. ಯಾರು ಮಾಡಿದ್ದೋ, ಯಾವ ಬ್ಯಾಚಿನಿಂದ ಓಡಾಡುತ್ತಿದೆಯೋ ದೇವರೇ ಬಲ್ಲ. ಕನ್ನಡದವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇಷ್ಟೇ: ಅದನ್ನು ಡಿಲೀಟ್ ಮಾಡಿ. ಬರುವಾಗ ಹೈಸ್ಕೂಲಿನ ಕನ್ನಡ ವ್ಯಾಕರಣದ ಪುಸ್ತಕ ಮನೆಯಲ್ಲಿದ್ದರೆ ಬ್ಯಾಗಿಗೆ ಹಾಕಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ.

ನಾನು ಬೀದರಿನವಳು. ತ್ವೆರ್ ಎಂಬ ಊರಿನಲ್ಲಿ ಮೆಡಿಕಲ್ ಓದುತ್ತಿದ್ದೇನೆ, ಈಗ ನಾಲ್ಕನೇ ವರ್ಷ. ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗ್ ದಾರಿ ಹಿಡಿದು ಸುಮಾರು 170 ಕಿಲೋಮೀಟರ್ ಹೋದರೆ ವೋಲ್ಗಾ ನದಿಯ ದಡದಲ್ಲಿ ಈ ಊರು ಸಿಗುತ್ತದೆ. 1931ರಿಂದ 1990ರವರೆಗೆ ಇದಕ್ಕೆ ಕಲೀನಿನ್ ಅಂತ ಹೆಸರಿತ್ತು. ವಾರ್ಡಿನಲ್ಲಿ ಅಜ್ಜಿಯರಿಗೆ ಹುಟ್ಟೂರು ಕೇಳಿದರೆ ಕೆಲವರು ಇನ್ನೂ ಆ ಹೆಸರನ್ನೇ ಹೇಳುತ್ತಾರೆ.

ನಮ್ಮ ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ಭಾರತದ ವೈದ್ಯಕೀಯ ಶಿಕ್ಷಣ ನೋಡಿಕೊಳ್ಳುವ ಎನ್‌ಎಂಸಿ 2021ರಲ್ಲಿ ತಂದ ನಿಯಮವೇ ಹಾಗಿದೆ. ಹೊರದೇಶದಲ್ಲಿ ಓದಿದರೆ ಕೋರ್ಸು ಇಂಗ್ಲಿಷಿನಲ್ಲಿರಬೇಕು, ಕನಿಷ್ಠ 54 ತಿಂಗಳು ಇರಬೇಕು, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ಪನ್ನೂ ಓದಿದ ಕಡೆಯೇ ಮುಗಿಸಬೇಕು. ಹೊರದೇಶದಲ್ಲಿ ಓದಿದವರು ಊರಿಗೆ ಹೋಗಿ ಡಾಕ್ಟರಾಗಲು ಬರೆಯುವ ಎಫ್‌ಎಂಜಿಇ ಪರೀಕ್ಷೆಯೂ ಇಂಗ್ಲಿಷಿನಲ್ಲೇ. ಹಾಗಾಗಿ ತುಂಬಾ ಜನ ಲೆಕ್ಕ ಹಾಕೋದು ಹೀಗೆ: ರಷ್ಯನ್ ಕ್ಲಾಸಿಗೆ ಹಾಜರಿ ಹಾಕು, ಪಾಸ್ ಮಾಡು, ಮರೆತುಬಿಡು. ಆ ಲೆಕ್ಕ ಮೂರನೇ ವರ್ಷದವರೆಗೆ ಸರಿಯಾಗಿಯೇ ನಡೆಯುತ್ತದೆ. ಮೂರನೇ ವರ್ಷದಲ್ಲಿ ಪ್ರೊಪೆಡ್ಯೂಟಿಕ್ಸ್ ಅಂತ ಒಂದು ವಿಷಯ ಬರುತ್ತದೆ. ರೋಗಿಯ ಪಕ್ಕ ನಿಂತು ಪ್ರಶ್ನೆ ಕೇಳೋದು, ಮುಟ್ಟಿ ನೋಡೋದು, ಎದೆಗೆ ಸ್ಟೆತೊಸ್ಕೋಪ್ ಇಡೋದು ಎಲ್ಲ ಅಲ್ಲಿ ಶುರು. ಮಂಚದ ಮೇಲೆ ಕೂತ ಅಜ್ಜಿಗೆ ಎನ್‌ಎಂಸಿ ನಿಯಮ ಗೊತ್ತಿಲ್ಲ. ಅವರು ತಮ್ಮ ಸಂಕಟವನ್ನು ತಮ್ಮ ಭಾಷೆಯಲ್ಲಿ, ತಮ್ಮ ವೇಗದಲ್ಲಿ ಹೇಳುತ್ತಾರೆ. ಒಂದು ಕಾಯಿಲೆಯ ಕಥೆ ಕೇಳಿ ತಿಳಿಯೋಕೆ ಬರದಿದ್ದರೆ ಹಾರಿಸನ್ ಅನ್ನುವ ದಪ್ಪ ಮೆಡಿಸಿನ್ ಪುಸ್ತಕ ಬಾಯಿಪಾಠ ಇದ್ದು ಏನು ಬಂತು?

ಮೊದಲು ಉಚ್ಚಾರದ ವಿಷಯ. ಇಂಗ್ಲಿಷ್ ಅಕ್ಷರ ನೋಡಿ ಓದುವವರು ಈ ಊರನ್ನು 'ಟ್ವೆರ್' ಅನ್ನುತ್ತಾರೆ. ರಷ್ಯನ್ನಿನಲ್ಲಿ ಟ, ಡ ಇಲ್ಲವೇ ಇಲ್ಲ. ನಾಲಿಗೆ ಹಲ್ಲಿಗೆ ತಾಗುವ ನಮ್ಮ ತ, ದ ಇವೆ. ರ ಕೂಡ ನಮ್ಮ ಹಾಗೆ ಗಟ್ಟಿಯಾಗಿ ನಾಲಿಗೆ ನಡುಗಿಸಿ ಹೇಳುವ ರ. ಅಂದರೆ ಕನ್ನಡದ ಬಾಯಿಗೆ ಅರ್ಧ ಕೆಲಸ ಆಗಲೇ ಆಗಿದೆ. ಅದನ್ನು ಇಂಗ್ಲಿಷ್ ಕೈಗೆ ಕೊಟ್ಟು ಹಾಳು ಮಾಡಿಕೊಳ್ಳೋದು ಯಾಕೆ? ನಾನು ನೋಟ್ಸಿನಲ್ಲಿ ಹೊಸ ಶಬ್ದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತೇನೆ. ಕಷ್ಟ ಇರೋದು ಬೇರೆ ಕಡೆ. ಮೆತ್ತಗಿನ ವ್ಯಂಜನಗಳು ಅಂತ ಇವೆ, ಪ್ರತಿ ವ್ಯಂಜನದ ಬಾಲಕ್ಕೂ ಒಂದು ಸಣ್ಣ 'ಯ್' ಅಂಟಿಸಿದ ಹಾಗೆ. ಇನ್ನೊಂದು, ನಮ್ಮ ಬಾಯಿ ಶಬ್ದದ ಕೊನೆಗೆ ಒಂದು 'ಉ' ಸೇರಿಸಲು ಕಾಯುತ್ತಿರುತ್ತದೆ. 'ದೋಮ್' (ಮನೆ) ಅನ್ನಬೇಕಾದಲ್ಲಿ 'ದೋಮು' ಬರುತ್ತದೆ. ನಮ್ಮ ಟೀಚರ್ ಅದನ್ನು ಕೇಳಿದ ತಕ್ಷಣ ಮೇಜಿಗೆ ಪೆನ್ನು ಬಡಿಯುತ್ತಿದ್ದರು.

ಈಗ ವ್ಯಾಕರಣ. ರಷ್ಯನ್ ಅಂದರೆ ಎಲ್ಲರೂ ಹೆದರಿಸೋದು ಆರು ಕೇಸುಗಳ, ಅಂದರೆ ವಿಭಕ್ತಿಗಳ, ಹೆಸರು ಹೇಳಿ. ಇಂಗ್ಲಿಷಿನಿಂದ ಬಂದವರಿಗೆ ಅದು ನಿಜವಾಗಿಯೂ ಬೆಟ್ಟ. ಹೆಸರಿನ (ನಾಮಪದದ) ಬಾಲ ಯಾಕೆ ಬದಲಾಗಬೇಕು ಅಂತಲೇ ಅವರಿಗೆ ಅರ್ಥವಾಗೋಲ್ಲ. ನಮಗೆ? ಪ್ರಥಮಾ 'ಉ', ದ್ವಿತೀಯಾ 'ಅನ್ನು', ತೃತೀಯಾ 'ಇಂದ', ಚತುರ್ಥೀ 'ಗೆ, ಕ್ಕೆ' ಅಂತ ಶಾಲೆಯಲ್ಲಿ ರಾಗ ಹಾಕಿ ಹೇಳಿದವರು ನಾವು. ನಮ್ಮಲ್ಲಿ ಏಳು, ಸಂಬೋಧನೆ ಸೇರಿಸಿದರೆ ಎಂಟು. ಅವರದು ಆರೇ. ಒಂದು ಸಂಜೆ ಹಾಸ್ಟೆಲಿನಲ್ಲಿ ಕೂತು ಅವರ ಆರನ್ನು ನಮ್ಮ ಪಟ್ಟಿಯ ಪಕ್ಕ ಬರೆದೆ. ದಾತೆಲ್ನಿ ನಮ್ಮ ಚತುರ್ಥಿ. ವಿನೀತೆಲ್ನಿ ದ್ವಿತೀಯಾ. ತ್ವರೀತೆಲ್ನಿ ತೃತೀಯಾ. ರದೀತೆಲ್ನಿ ಷಷ್ಠಿ. ಪ್ರೆದ್ಲೋಜ್ನಿ ಹೆಚ್ಚುಕಡಿಮೆ ಸಪ್ತಮಿ. ಪೆನ್ನಿನಿಂದ ಬರೆಯೋದು, ಫ್ಲೂ ಜ್ವರದಿಂದ ಬಳಲೋದು, ಎರಡಕ್ಕೂ ಅಲ್ಲಿ ತೃತೀಯೆಯೇ.

ಎಲ್ಲವೂ ಹೊಂದುವುದಿಲ್ಲ, ನಿಜ. ನಮ್ಮ 'ಇಂದ' ಎರಡು ಕೆಲಸ ಮಾಡುತ್ತದೆ. 'ಬೀದರಿನಿಂದ ಬಂದೆ' ಅನ್ನೋಕೆ ರಷ್ಯನ್ನಿನಲ್ಲಿ ತೃತೀಯಾ ಹಾಕಿದರೆ ನಗುತ್ತಾರೆ. ಅಲ್ಲಿ ಹೆಸರಿನ ಮುಂದೆ ಒಂದು ಪುಟ್ಟ ಶಬ್ದ, ಹೆಸರಿಗೆ ಷಷ್ಠಿ. ಆದರೆ ಇಂಥದ್ದು ತಿದ್ದಿಕೊಳ್ಳುವ ವಿಷಯ. ಬುನಾದಿ ನಮ್ಮ ಹತ್ತಿರ ಇದೆ ಅನ್ನೋದು ಮುಖ್ಯ.

ನನಗೆ ಬಹಳ ಖುಷಿ ಕೊಟ್ಟ ಒಂದು ನಿಯಮ ಹೇಳಬೇಕು. ಕನ್ನಡದಲ್ಲಿ 'ಪುಸ್ತಕ ಓದಿದೆ' ಅಂದರೆ ಸಾಕು, 'ಅನ್ನು' ಬೇಕಾಗಿಲ್ಲ. ಆದರೆ 'ಹುಡುಗ ನೋಡಿದೆ' ಅನ್ನೋಕೆ ಆಗೋಲ್ಲ, 'ಹುಡುಗನನ್ನು' ಅನ್ನಲೇಬೇಕು. ಜೀವ ಇರುವುದಕ್ಕೆ ಪ್ರತ್ಯಯ ಬೇಕೇ ಬೇಕು, ಇಲ್ಲದ್ದಕ್ಕೆ ಬಿಟ್ಟರೂ ನಡೆಯುತ್ತದೆ. ರಷ್ಯನ್ನಿನಲ್ಲಿ ಪುಲ್ಲಿಂಗದ ಹೆಸರುಗಳಿಗೆ ಇದೇ ನಡೆ. 'ಮೇಜು ನೋಡಿದೆ' ಅನ್ನುವಾಗ ಮೇಜು ಇದ್ದ ಹಾಗೇ ಇರುತ್ತದೆ. 'ವಿದ್ಯಾರ್ಥಿಯನ್ನು ನೋಡಿದೆ' ಅನ್ನುವಾಗ ಬಾಲ ಬದಲಾಗುತ್ತದೆ. ಅನಾಟಮಿ ಹಾಲಿನಲ್ಲಿ ಇದು ಇನ್ನೂ ಮಜವಾಗುತ್ತದೆ. 'ತ್ರೂಪ್' ಅಂದರೆ ಹೆಣ. ಅದು ವ್ಯಾಕರಣದಲ್ಲಿ ಜೀವ ಇಲ್ಲದ್ದು, ಬಾಲ ಬದಲಾಗೋಲ್ಲ. 'ಪಕೋಯ್ನಿಕ್' ಅಂದರೆ ತೀರಿಕೊಂಡ ವ್ಯಕ್ತಿ. ಸತ್ತಿದ್ದರೂ ವ್ಯಾಕರಣಕ್ಕೆ ಆತ ಜೀವಂತ, ಬಾಲ ಬದಲಾಗುತ್ತದೆ. ಪಂಜಾಬಿನ, ಕೇರಳದ ಗೆಳತಿಯರು ಇದನ್ನು ಎಕ್ಸೆಪ್ಶನ್ ಅಂತ ಬರೆದುಕೊಂಡು ಉರು ಹೊಡೆದರು. ನಾನು ಕನ್ನಡದಲ್ಲಿ ಹೇಳಿ ನೋಡಿದೆ: 'ಹೆಣ ನೋಡಿದೆ', 'ತೀರಿಕೊಂಡವರನ್ನು ನೋಡಿದೆ'. ಉರು ಹೊಡೆಯೋಕೆ ಏನೂ ಉಳಿಯಲಿಲ್ಲ.

ಆದರೆ ಕನ್ನಡದ ನಿಜವಾದ ಲಾಭ ಗೊತ್ತಾಗೋದು ವಾರ್ಡಿನಲ್ಲಿ. ಕಾಯಿಲೆಯವರು ಮಾತಾಡುವ ರಷ್ಯನ್ನಿನಲ್ಲಿ 'ನಾನು' ಬಹಳ ಕಡಿಮೆ. ಚಳಿಯಾದರೆ 'ಮ್ನೆ ಖೋಲದ್ನ', ನನಗೆ ಚಳಿ. ಇಷ್ಟೇ, ಕ್ರಿಯಾಪದವೇ ಇಲ್ಲ. ಎಷ್ಟು ವಯಸ್ಸು ಅಂದರೆ 'ನನಗೆ ಎಪ್ಪತ್ತೈದು ವರ್ಷ', ಚತುರ್ಥಿ. ಸಂಕಟ ಆದರೆ 'ಮ್ನೆ ಪ್ಲೋಖ', ನನಗೆ ಸರಿಯಿಲ್ಲ. ವಾಕರಿಕೆ ಬಂದರೆ 'ಮಿನ್ಯಾ ತಶ್ನೀತ್' (ಮಿನ್ಯಾ ಅಂದರೆ ನನ್ನನ್ನು). ಮೈ ಚಳಿ ಚಳಿ ಆದರೆ 'ಮಿನ್ಯಾ ಜ್ನಬೀತ್'. ವಾಕರಿಕೆ ಬರಿಸಿದ್ದು ಯಾರು, ನಡುಗಿಸಿದ್ದು ಯಾರು ಅಂತ ವಾಕ್ಯದಲ್ಲಿ ಎಲ್ಲೂ ಇರೋಲ್ಲ. ಅದು ಆಯಿತು, ಇವರ ಮೇಲೆ ಆಯಿತು. ನಮ್ಮಲ್ಲಿ 'ನನಗೆ ಏನೋ ಆಗ್ತಿದೆ' ಅಂದಾಗ ಮಾಡುತ್ತಿರುವವರು ಯಾರು ಅಂತ ಕೇಳ್ತೀವಾ?

ಇದರಲ್ಲಿ ರಾಜ ಅಂದರೆ 'ಮಿನ್ಯಾ ಪ್ರದೂಲ'. ಕಿಟಕಿ ಬಾಗಿಲ ನಡುವೆ ಹಾಯುವ ತಣ್ಣನೆ ಗಾಳಿಗೆ ಇಲ್ಲಿನವರು ಹೆದರುವಷ್ಟು ಬೇರೆ ಯಾವುದಕ್ಕೂ ಹೆದರೋಲ್ಲ. ಹೊರಗೆ ಮೈನಸ್ ಇಪ್ಪತ್ತು ಇದ್ದಾಗ ಐಸ್‌ಕ್ರೀಮ್ ತಿನ್ನುತ್ತಾರೆ. ಬಸ್ಸಿನ ಕಿಟಕಿ ಒಂದು ಬೆರಳು ತೆರೆದಿದ್ದರೆ ಗಲಾಟೆ ಮಾಡುತ್ತಾರೆ. ಕತ್ತು ಹಿಡಿದಿದೆಯಾ, ಸೊಂಟ ಹಿಡಿದಿದೆಯಾ, ಕಿವಿ ನೋವಾ, ಎಲ್ಲಕ್ಕೂ ಕಾರಣ ಅದೇ: ಪ್ರದೂಲ. ನಮ್ಮ ಅಜ್ಜಿ ಬೀದರಿನಲ್ಲಿ ಕತ್ತಿಗೆ ಬಟ್ಟೆ ಸುತ್ತಿಕೊಂಡು 'ಗಾಳಿ ಹೊಡದದ' ಅನ್ನೋದು ಇದನ್ನೇ. ನಮ್ಮ ಇಂಗ್ಲಿಷ್ ಪಠ್ಯದಲ್ಲಿ ಈ ಕಾಯಿಲೆ ಇಲ್ಲ. ಹಾಗಂತ ರೋಗಿ ಹೇಳಿದ್ದನ್ನು ತಳ್ಳಿಹಾಕಿದರೆ ಮುಂದೆ ಅವರು ಬಾಯಿ ಬಿಡೋಲ್ಲ. ನಾನು ತಲೆ ಅಲ್ಲಾಡಿಸಿ ಯಾವಾಗ, ಎಲ್ಲಿ ಪ್ರದೂಲ ಅಂತ ಕೇಳುತ್ತೇನೆ. ನೋವು ಶುರುವಾದ ದಿನ, ಜಾಗ, ಮಾಡುತ್ತಿದ್ದ ಕೆಲಸ ಎಲ್ಲ ತಾನಾಗಿ ಹೊರಗೆ ಬರುತ್ತದೆ. ಅದರ ಜೊತೆ ಎರಡು ಮೂರು ಮಾಮೂಲಿ ವಿಷಯಗಳೂ ಬರುತ್ತವೆ: ಇವತ್ತು ಮ್ಯಾಗ್ನೆಟಿಕ್ ಸ್ಟಾರ್ಮ್ (ಸೂರ್ಯನಿಂದಾಗಿ ಭೂಮಿಯ ಕಾಂತಕ್ಷೇತ್ರದಲ್ಲಿ ಆಗುವ ಏರುಪೇರು) ಇದೆಯಂತೆ, ಅದಕ್ಕೇ ಬಿಪಿ ಜಿಗಿಯುತ್ತಿದೆ, ರಾತ್ರಿ ಕರ್ವಲೋಲ್ ಹನಿ ಹಾಕಿಕೊಂಡೆ, ಸ್ವಲ್ಪ ಹಾಯೆನಿಸಿತು. ಕರ್ವಲೋಲ್‌ನಲ್ಲಿ ಫಿನೋಬಾರ್ಬಿಟಾಲ್ ಅನ್ನುವ, ನಿದ್ದೆ ಬರಿಸುವ ಔಷಧಿ ಇದೆ. ಆದರೆ ಅಜ್ಜಿಯರ ಪಾಲಿಗೆ ಅದು ಔಷಧಿಯೇ ಅಲ್ಲ, ಮನೆಯಲ್ಲಿ ಇರಲೇಬೇಕಾದ ಸಾಮಾನು. 'ಯಾವ ಮಾತ್ರೆ ತಗೋತೀರಿ?' ಅಂದರೆ ಅದರ ಹೆಸರೇ ಹೇಳೋಲ್ಲ. 'ಹೃದಯಕ್ಕೆ ಏನಾದರೂ ಹನಿ ಹಾಕ್ಕೋತೀರಾ?' ಅಂತ ಬೇರೆಯಾಗಿ ಕೇಳಬೇಕು.

ಆ 'ಏನಾದರೂ' ಕೂಡ ಕನ್ನಡದವರಿಗೆ ಪುಕ್ಕಟೆ ಸಿಕ್ಕಿದ್ದು. ಏನೋ, ಏನಾದರೂ, ಯಾರೋ, ಯಾರಾದರೂ. ರಷ್ಯನ್ನಿನಲ್ಲೂ ಹೀಗೇ ಎರಡು ಜೋಡಿ ಇವೆ. 'ಶ್ತೋ-ತ' ಅಂದರೆ ಏನೋ, 'ಶ್ತೋ-ನಿಬೂದ್' ಅಂದರೆ ಏನಾದರೂ. 'ಏನೋ ತಿಂದೆ, ಹೊಟ್ಟೆ ಕೆಟ್ಟಿತು' ಅಂತ ರೋಗಿ ಅನ್ನೋದು ಮೊದಲನೆಯದರಲ್ಲಿ. 'ಏನಾದರೂ ತಗೊಂಡಿರಾ?' ಅಂತ ನಾವು ಕೇಳೋದು ಎರಡನೆಯದರಲ್ಲಿ. ಇಂಗ್ಲಿಷ್ ಮೂಲಕ ಕಲಿತವರು ಇದರಲ್ಲಿ ವರ್ಷಗಟ್ಟಲೆ ತಡಕಾಡುತ್ತಾರೆ. 'ಯಾರೂ ಬರಲಿಲ್ಲ', 'ಏನೂ ತಿನ್ನಲಿಲ್ಲ' ಅನ್ನುವ ನಮ್ಮ ಜೋಡಣೆಯೂ ಅಲ್ಲಿ ಹಾಗೇ ಇದೆ.

ಕನ್ನಡ ಕೈಕೊಡುವ ಜಾಗಗಳೂ ಇವೆ. ನಮಗೆ ಮೂಗು, ಹೊಟ್ಟೆ, ಕೈ, ಹೃದಯ ಎಲ್ಲವೂ 'ಅದು'. ಅವರಿಗೆ ಮೂಗು ಗಂಡು, ಹೊಟ್ಟೆ ಗಂಡು, ಕೈ ಹೆಣ್ಣು, ಹೃದಯ ನಪುಂಸಕ. 'ನಾನು ಬಂದೆ' ಅನ್ನೋದನ್ನು ನಾನು ಒಂಥರ ಹೇಳಬೇಕು, ನನ್ನ ತಮ್ಮ ಬಂದರೆ ಬೇರೆ ಥರ ಹೇಳಬೇಕು. ಇಲ್ಲಿ ಹಿಂದಿ ನೆರವಿಗೆ ಬಂತು. ಬೀದರಿನಲ್ಲಿ ಬೆಳೆದದ್ದಕ್ಕೆ ಅದೊಂದು ಉಪಕಾರ. ಲೆಕ್ಕ ಹೇಳೋದು ಮಾತ್ರ ಇವತ್ತಿಗೂ ಬೇಸರ. ಒಂದು ವರ್ಷ 'ಗೋದ್', ಎರಡು ಮೂರು ನಾಲ್ಕಕ್ಕೆ 'ಗೋದ', ಐದರಿಂದ 'ಲ್ಯೆತ್'. ಇಪ್ಪತ್ತೊಂದಕ್ಕೆ ಮತ್ತೆ 'ಗೋದ್'. ಯಾಕೆ ಅಂತ ಕೇಳಬೇಡಿ. ಹೋಗು ಅನ್ನೋಕೆ ನಡೆದು ಹೋಗೋದು ಬೇರೆ, ಗಾಡಿಯಲ್ಲಿ ಹೋಗೋದು ಬೇರೆ. ಈಗ ಹೋಗುತ್ತಿರೋದು ಬೇರೆ, ದಿನಾ ಹೋಗಿ ಬರೋದು ಬೇರೆ. ಇದರ ಬಗ್ಗೆ ಬರೆಯೋಕೆ ಕೂತರೆ ನನ್ನ ಮೂಡ್ ಕೆಡುತ್ತದೆ, ಮುಂದೆ ಹೋಗೋಣ. ಒತ್ತಿನ ಬಗ್ಗೆ, ಅಂದರೆ ಶಬ್ದದಲ್ಲಿ ಯಾವ ಅಕ್ಷರವನ್ನು ಒತ್ತಿ ಹೇಳಬೇಕು ಅನ್ನೋದರ ಬಗ್ಗೆ, ಒಂದೇ ಎಚ್ಚರಿಕೆ: 'ಬರೆಯೋದು' ಅನ್ನುವ ಕ್ರಿಯಾಪದದಲ್ಲಿ ಒತ್ತು ಎರಡನೇ ಅಕ್ಷರದ ಮೇಲೆ. ಅದನ್ನೇ ಮೊದಲ ಅಕ್ಷರಕ್ಕೆ ತಂದರೆ ಮೂತ್ರ ಮಾಡೋದು ಅಂತ ಆಗುತ್ತದೆ. ಆಸ್ಪತ್ರೆಯಲ್ಲಿ ಎರಡೂ ದಿನಾ ಬೇಕಾಗುವ ಮಾತುಗಳೇ.

ಭಾಷೆ ಬಂದರೂ ಊರಿನ ರೀತಿ ಬೇರೆಯಾಗಿಯೇ ಕಲಿಯಬೇಕು. ಯಾವ ಕಟ್ಟಡಕ್ಕೆ ಹೋದರೂ ಮೊದಲು ಕೋಟು ಬಿಚ್ಚಿ ಗರ್ದಿರೋಬಿಗೆ, ಅಂದರೆ ಕೋಟು ಇಟ್ಟುಕೊಳ್ಳುವ ಕೌಂಟರಿಗೆ, ಕೊಡಬೇಕು. ಅಲ್ಲಿ ಕೂತ ಹಿರಿಯ ಹೆಂಗಸರು ಕೋಟಿನ ಕಾಲರಿನ ಒಳಗೆ ನೇತುಹಾಕುವ ಕುಣಿಕೆ ಇದೆಯಾ ಅಂತ ನೋಡುತ್ತಾರೆ. ಕಿತ್ತುಹೋಗಿದ್ದರೆ ಬೈಗುಳ ಗ್ಯಾರಂಟಿ. ಊರಿನಲ್ಲಿ ಕೊಂಡ ಜಾಕೆಟ್ಟಿಗೆ ಆ ಕುಣಿಕೆ ಇರಲೇ ಇಲ್ಲ. ನಾನು ಹೊಲಿಗೆ ಕಲಿತದ್ದೇ ಅದರ ದೆಸೆಯಿಂದ. ಆಸ್ಪತ್ರೆಯಾದರೆ ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳದೆ ಒಳಗೆ ಬಿಡೋಲ್ಲ.

ಪಾಲಿಕ್ಲಿನಿಕ್ಕಿನ, ಅಂದರೆ ಹೊರರೋಗಿಗಳ ಆಸ್ಪತ್ರೆಯ, ಕ್ಯೂ ನೋಡಬೇಕು ನೀವು. ಸಾಲು ಅಂತ ಕಣ್ಣಿಗೆ ಕಾಣೋಲ್ಲ, ಎಲ್ಲರೂ ಚೆಲ್ಲಾಪಿಲ್ಲಿಯಾಗಿ ಕೂತಿರುತ್ತಾರೆ. ಬಂದವರು ಬಾಗಿಲಲ್ಲೇ ನಿಂತು 'ಕ್ತೋ ಪಸ್ಲೇದ್ನಿ?' ಅನ್ನುತ್ತಾರೆ, ಕೊನೆಯವರು ಯಾರು ಅಂತ. ಒಬ್ಬರು ಕೈ ಎತ್ತುತ್ತಾರೆ. 'ನಿಮ್ಮ ಹಿಂದೆ ನಾನು' ಅಂದುಬಿಟ್ಟರೆ ಮುಗಿಯಿತು, ಹೊರಗೆ ಹೋಗಿ ಚಹಾ ಕುಡಿದು ಬಂದರೂ ಜಾಗ ನಿಮ್ಮದೇ. ನಮ್ಮ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ, ಇಲ್ಲಿ ಟವೆಲ್ ಬದಲು ಮಾತು. ಇದನ್ನೆಲ್ಲ ಮುರಿಯೋಕೂ ಒಂದು ಮಂತ್ರ ಇದೆ: 'ಮ್ನೆ ತೋಲ್ಕ ಸ್ಪ್ರಸೀತ್', ಸುಮ್ನೆ ಒಂದು ಮಾತು ಕೇಳಬೇಕಿತ್ತು. ಹಾಗಂದು ಒಳಗೆ ನುಗ್ಗಿದವರು ಹೊರಗೆ ಬರೋಕೆ ಎಷ್ಟು ಹೊತ್ತು ಬೇಕು ಅಂತ ನೀವೇ ಊಹಿಸಿ.

ಕರೆಯುವ ಕ್ರಮ ನಮ್ಮದಕ್ಕೆ ಹತ್ತಿರ. ನೀನು, ನೀವು ಎರಡೂ ಇವೆ. ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯೋಕಿಲ್ಲ. ಹೆಸರಿನ ಜೊತೆ ಅಪ್ಪನ ಹೆಸರು ಸೇರಿಸಿ ಕರೆಯಬೇಕು. ಗಗಾರಿನ್ ಅಂತ ನಾವು ಅನ್ನೋದು. ಇಲ್ಲಿ ಗೌರವದಿಂದ ಹೇಳುವಾಗ ಅವರು ಯೂರಿ ಅಲೆಕ್ಸೆಯೆವಿಚ್, ಅಂದರೆ ಅಲೆಕ್ಸೆಯ ಮಗ. ಪ್ರೊಫೆಸರ್ ಆದರೂ ಸರ್ ಇಲ್ಲ, ಮೇಡಂ ಇಲ್ಲ. ಹೀಗಾಗಿ ಪ್ರತಿ ಸೆಮಿಸ್ಟರ್ ಮೊದಲ ವಾರ ನಮ್ಮ ಕೆಲಸ ಟೀಚರ್‌ಗಳ ಅಪ್ಪಂದಿರ ಹೆಸರು ಬಾಯಿಪಾಠ ಮಾಡೋದು. ರೋಗಿಗಳೂ ನಮ್ಮನ್ನು ಕೇಳುತ್ತಾರೆ, ನಿಮ್ಮ ಅಪ್ಪನ ಹೆಸರೇನು ಅಂತ. ಡಾಕ್ಟರನ್ನು ಬರೀ ಹೆಸರಿನಿಂದ ಕರೆಯೋದು ಅವರಿಗೆ ಮುಜುಗರ. ನನ್ನ ಅಪ್ಪನ ಹೆಸರಿಗೆ ಒಬ್ಬ ಅಜ್ಜಿ 'ಯೆವ್ನಾ' ಅಂಟಿಸಿ ನೋಡಿದರು. ನಾಲಿಗೆ ಹೊರಳಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿ, ಸೋತು, 'ದೋಚೆನ್ಕ' ಅಂದರು, ಅಂದರೆ ಮಗಳೇ. ಈಗ ಆ ವಾರ್ಡಿಗೆಲ್ಲ ನಾನು ಮಗಳೇ. ಅಪ್ಪನಿಗೆ ಫೋನಿನಲ್ಲಿ ಆ ಯೆವ್ನಾ ಹೆಸರು ಹೇಳಿದಾಗ ಜೋರಾಗಿ ನಕ್ಕರು.

ಬೀದರಿನವಳು ಅಂತ ಹೇಳಿದರೆ ಇಲ್ಲಿ ಯಾರಿಗೂ ಏನೂ ತಿಳಿಯೋಲ್ಲ. 'ಅಫನಾಸಿ ನಿಕೀತಿನ್ ಹೋಗಿದ್ದ ಊರು' ಅಂದರೆ ಮುಖ ಅರಳುತ್ತದೆ. ಈ ಊರಿನ ವ್ಯಾಪಾರಿ ಆತ. 1460ರ ದಶಕದಲ್ಲಿ ವೋಲ್ಗಾ ಹಿಡಿದು ಹೊರಟು, ಪರ್ಷಿಯಾ ದಾಟಿ, ಹೋರ್ಮುಜ್‌ನಿಂದ ಹಡಗು ಹತ್ತಿ ಈಗಿನ ಮಹಾರಾಷ್ಟ್ರದ ಕರಾವಳಿಯ ಚೌಲ್‌ಗೆ ಬಂದಿಳಿದ. ಜೊತೆಗೆ ಮಾರಲು ತಂದ ಒಂದು ಕುದುರೆ. ಜುನ್ನರಿನ ಖಾನ್ ಅದನ್ನು ಕಿತ್ತುಕೊಂಡಿದ್ದ, ಹೇಗೋ ವಾಪಸ್ ಸಿಕ್ಕಿತು, ಕೊನೆಗೆ ಮಾರಿದ್ದು ಬೀದರಿನಲ್ಲಿ. ಆಗ ಬೀದರ್ ಬಹಮನಿ ಸುಲ್ತಾನರ ರಾಜಧಾನಿ. ಆಳಂದದ ಜಾತ್ರೆಯಲ್ಲಿ ಇಪ್ಪತ್ತು ಸಾವಿರದವರೆಗೆ ಕುದುರೆಗಳ ವ್ಯಾಪಾರ ನಡೆಯುತ್ತದೆ ಅಂತ ಬರೆದಿದ್ದಾನೆ. ಸುಲ್ತಾನನ ಅರಮನೆಗೆ ಏಳು ಬಾಗಿಲು ಅಂತಲೂ ಬರೆದಿದ್ದಾನೆ. ವಾಪಸ್ ಹೋಗುವಾಗ ಊರು ಮುಟ್ಟಲಿಲ್ಲ, ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ. ಟಿಪ್ಪಣಿಗಳು ಮಾತ್ರ ಉಳಿದವು. ವೋಲ್ಗಾ ದಡದಲ್ಲಿ 1955ರಲ್ಲಿ ಆತನ ಪ್ರತಿಮೆ ನಿಲ್ಲಿಸಿದ್ದಾರೆ. ಕೆಳಗೆ ದೋಣಿಯಾಕಾರದ ಪೀಠ, ಅದರ ಮೂತಿಗೆ ಕುದುರೆ ತಲೆ.

ನನಗೆ ಆತನಲ್ಲಿ ಇಷ್ಟವಾಗೋದು ಬೇರೆ. ಆ ಟಿಪ್ಪಣಿಯ ರಷ್ಯನ್ ನಡುವೆ ತುರ್ಕಿ, ಪರ್ಷಿಯನ್, ಅರಬ್ಬಿ ಮಾತುಗಳು ನುಗ್ಗುತ್ತವೆ. ಬಜಾರಿನಲ್ಲಿ ಕೇಳಿ ಕೇಳಿ ಕಲಿತದ್ದು. ಕೆಲವು ಪ್ರಾರ್ಥನೆಗಳನ್ನೂ ಆ ಕಲಬೆರಕೆಯಲ್ಲೇ ಬರೆದಿದ್ದಾನೆ. ಅವನಿಗೆ ಕೋರ್ಸು ಇರಲಿಲ್ಲ. ದಾರಿಯಲ್ಲಿ ಪುಸ್ತಕಗಳೂ ಲೂಟಿಯಾಗಿದ್ದವು, ಹಬ್ಬ ಉಪವಾಸಗಳ ದಿನದ ಲೆಕ್ಕವೇ ತಪ್ಪಿಹೋಗಿತ್ತು. ಆದರೂ ಬೀದರಿನ ಜನರ ಜೊತೆ ಎಷ್ಟು ಬೆರೆತನೆಂದರೆ, ಶಿವರಾತ್ರಿಗೆ ಅವರ ಜೊತೆ ಯಾತ್ರೆಗೂ ಹೋದ. ಅದು ಶ್ರೀಶೈಲ ಅಂತ ತಿಳಿದವರು ಹೇಳುತ್ತಾರೆ. ನಮ್ಮ ಹಾಸ್ಟೆಲಿನಲ್ಲಿ ಭಾರತದ ಹುಡುಗರು ಭಾರತದವರ ಜೊತೆಯೇ ಇದ್ದು, ಭಾರತದ ಮೆಸ್ಸಿನಲ್ಲೇ ಊಟ ಮಾಡಿ, ಆರು ವರ್ಷ ಮುಗಿಸಿ ಹೋಗೋದನ್ನು ನೋಡಿದಾಗ ನನಗೆ ಈತನ ನೆನಪಾಗುತ್ತದೆ. ನಾನೂ ಮೆಸ್ಸಿನಲ್ಲೇ ಉಣ್ಣೋದು, ಅದು ಬೇರೆ ಮಾತು. ಸಸ್ಯಾಹಾರಿಗೆ ಹೊರಗೆ ಆರಾಮಾಗಿ ಊಟ ಸಿಗೋದು ಈಸ್ಟರ್ ಮುಂಚಿನ ಉಪವಾಸದ ವಾರಗಳಲ್ಲಿ. ಆಗ ಎಷ್ಟೋ ಹೋಟೆಲಿನವರು ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಬೇರೆ ಮೆನು ಇಡುತ್ತಾರೆ. ಉಳಿದ ದಿನ 'ಮಾಂಸ ಬೇಡ' ಅಂದರೆ 'ಸರಿ, ಕೋಳಿ ಹಾಕ್ತೀವಿ' ಅನ್ನುತ್ತಾರೆ.

ಸದ್ಯ ನನ್ನ ಜಗಳ ಕೈಬರಹದ ಜೊತೆ. ಅಚ್ಚಿನ ಅಕ್ಷರ ಒಂದು ವಾರದಲ್ಲಿ ಬರುತ್ತದೆ, ಅದನ್ನು ಓದಿ ಬೀಗಬೇಡಿ. ಕೈಬರಹದಲ್ಲಿ ತ ಅನ್ನೋದು ಇಂಗ್ಲಿಷಿನ ಎಂ ಥರ, ದ ಅನ್ನೋದು ಜಿ ಥರ. ಇ, ಶ, ಲ, ಮ ಎಲ್ಲ ಸೇರಿ ಬಂದರೆ ಬರೀ ಕೊಕ್ಕೆಗಳ ಸಾಲು. ಇದು ಒಳ್ಳೆ ಅಕ್ಷರದವರ ಕಥೆ, ಡಾಕ್ಟರುಗಳದ್ದು ಕೇಳಲೇಬೇಡಿ. ಹಳೇ ಕೇಸ್ ಶೀಟು ಓದಲಾಗದೆ ನರ್ಸ್ ಹತ್ತಿರ ಹೋದರೆ ಅವರು ಒಂದೇ ಉಸಿರಿಗೆ ಓದಿ ಹೇಳುತ್ತಾರೆ, ಅದೂ ಎಲ್ಲದಕ್ಕೂ ಮುದ್ದಿನ ಬಾಲ ಅಂಟಿಸಿ. ಅವರ ಬಾಯಲ್ಲಿ ಮಾತ್ರೆ ಪುಟಾಣಿ ಮಾತ್ರೆ, ಇಂಜೆಕ್ಷನ್ ಪುಟಾಣಿ ಇಂಜೆಕ್ಷನ್, ಕೈ ಪುಟಾಣಿ ಕೈ. ನೂರು ಕಿಲೋ ತೂಕದ ತಾತನಿಗೂ ಹಾಗೇ. ನಾಳೆ ಬೆಳಿಗ್ಗೆ ಕಾರ್ಡಿಯಾಲಜಿ ರೌಂಡ್ಸ್. ನನಗೆ ಕೊಟ್ಟಿರುವ ಕೇಸ್ ಶೀಟಿನ ಎರಡನೇ ಪುಟದಲ್ಲಿ ಒಂದು ಸಾಲು ಬರೀ ಕೊಕ್ಕೆ. ಔಷಧಿ ಹೆಸರೋ, ರೋಗದ ಹೆಸರೋ ಇನ್ನೂ ಗೊತ್ತಾಗಿಲ್ಲ.